ಕೇಪಳದ ಎಲೆ ಹಳದಿಯಾದ್ರೆ ಗೋಡೆ ಕಡೆ ನೋಡಿ

ಇವತ್ತು ಕೇಪಳದ ಮಾತು. ಮಂಗಳೂರು, ಉಡುಪಿ ಕಡೆಯವರಿಗೆ ಪರಿಚಯ ಬೇಡ. ಗುಡ್ಡದಲ್ಲಿ ಯಾರೂ ನೆಡದೆ, ನೀರು ಹಾಕದೆ ಬೆಳೆಯುವ ಗಿಡ. ವರ್ಷಪೂರ್ತಿ ಹಸಿರು, ಕೆಂಪು ಹೂಗೊಂಚಲು. ಹೂವು ದೇವರಿಗೆ, ಹಣ್ಣು ಮಕ್ಕಳ ಬಾಯಿಗೆ. 1753ರಲ್ಲಿ ಲಿನ್ನೇಯಸ್ ಇದನ್ನು 'ಇಕ್ಸೋರಾ' ಅಂತ ದಾಖಲಿಸಿದ. ಆ ಹೆಸರಿನ ಮೂಲ ನಮ್ಮ 'ಈಶ್ವರ'.

ಇಷ್ಟು ಗಟ್ಟಿ ಗಿಡ ಹೊಸ ಮನೆಯ ಅಂಗಳಕ್ಕೆ ಬಂದ್ರೆ ಯಾಕೆ ಸೊರಗುತ್ತೆ?

ಎಲೆ ನೋಡಿ. ಚಿಗುರೆಲೆ ಹಳದಿ, ಆದ್ರೆ ನರ ಮಾತ್ರ ಹಸಿರಾಗಿದ್ರೆ ಅದು ಕಬ್ಬಿಣದ ಕೊರತೆ. ಕೇಪಳ ಮುರಕಲ್ಲು ಗುಡ್ಡದ ಹುಳಿ ಗುಣದ ಮಣ್ಣಿಗೆ ಒಗ್ಗಿದ್ದು. ನಾವು ಅದನ್ನು ತಂದು ಕಾಂಪೌಂಡ್ ಗೋಡೆಗೆ ಅಂಟಿಸಿ ನೆಡ್ತೇವೆ. ಸಿಮೆಂಟಿನ ಸುಣ್ಣ ಮಣ್ಣಿಗಿಳಿದ್ರೆ ಹುಳಿ ಹೋಗುತ್ತೆ. ಆಗ ಕಬ್ಬಿಣ ಮಣ್ಣಲ್ಲಿದ್ರೂ ಬೇರಿಗೆ ಸಿಗಲ್ಲ. ನಾನು ಬಿಕಾಂ ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೇನೆ: ಖಾತೆಯಲ್ಲಿ ದುಡ್ಡಿದೆ, ಖಾತೆ ಫ್ರೀಜ್ ಆಗಿದೆ.

ನಮ್ಮನೆ ಗೋಡೆ ಪಕ್ಕದ ಗಿಡವೂ ಹೀಗೇ ಆಗಿತ್ತು. "ಕಿತ್ತು ಬಿಸಾಡು ಮಾರಾಯ" ಅಂದ್ರು ಅಮ್ಮ. ಮಳೆಗಾಲದಲ್ಲಿ ಬೇರಿನ ಮಣ್ಣಿನ ಸಮೇತ ತೆಗೆದು, ಕೆಂಪು ಮಣ್ಣು, ಎಲೆಗೊಬ್ಬರ ತುಂಬಿದ ದೊಡ್ಡ ಚಟ್ಟಿಗೆ ಹಾಕಿದೆವು. ಹಳೇ ಎಲೆ ಹಳದಿಯಾಗೇ ಉದುರಿದವು, ಹೊಸ ಚಿಗುರು ಹಸಿರಾಗಿ ಬಂತು. ನೀವು ನೋಡ್ಬೇಕಾದ್ದು ಆ ಹೊಸ ಚಿಗುರನ್ನೇ.

ಹಾಗಾಗಿ ನೆಡುವಾಗ ಗೋಡೆ, ಇಂಟರ್‌ಲಾಕ್‌ನಿಂದ ದೂರ ಇಡಿ. ಬೂದಿ ಹಾಕ್ಬೇಡಿ, ಅದೂ ಸುಣ್ಣದ ಕೆಲಸವನ್ನೇ ಮಾಡುತ್ತೆ. ಬಿಸಿಲು ಚೆನ್ನಾಗಿ ಬೀಳಲಿ, ನೆರಳಲ್ಲಿ ಎಲೆ ಬಂದೀತು, ಹೂವು ಕಮ್ಮಿ. ಕಡಲ ಉಪ್ಪುಗಾಳಿ ನೇರ ಹೊಡೆಯುವ ಜಾಗ ಬೇಡ. ಮೊದಲ ಬೇಸಿಗೆಗಳಲ್ಲಿ ನೀರು ತಪ್ಪಿಸ್ಬೇಡಿ. ಹೂವು ಬರೋದು ಕೊಂಬೆಯ ತುದಿಯಲ್ಲಿ. ಪದೇ ಪದೇ ಕತ್ತರಿಸಿ ಬೇಲಿ ಥರ ಚೌಕ ಮಾಡಿದ್ರೆ ಹೂವನ್ನೇ ಕತ್ತರಿಸಿದ ಹಾಗೆ.

ಕೊನೆಯ ಮಾತು. ಗುಡ್ಡದಿಂದ ಗಿಡ ಕಿತ್ತು ತರಬೇಡಿ. ಸೈಟ್ ಮಾಡೋಕೆ ಜೆಸಿಬಿ ಅಲ್ಲಿಗೆ ಈಗಾಗ್ಲೇ ಬರ್ತಾ ಇದೆ, ನಾವೂ ಸೇರ್ಕೊಳ್ಳೋದು ಬೇಡ. ಮಳೆ ಶುರುವಾದಾಗ ಪರಿಚಯದವರ ಮನೆಯಿಂದ ಅರೆಬಲಿತ ಕೊಂಬೆ ಗೇಣುದ್ದ ಕೇಳಿ ತನ್ನಿ. ಕೆಳಗಿನ ಎಲೆ ತೆಗೆದು ನೆರಳಲ್ಲಿ ಊರಿ. ಬೇರು ಬಿಡೋಕೆ ವಾರಗಟ್ಟಲೆ ಬೇಕು. ಬಂತಾ ಅಂತ ದಿನಾ ಎಳೆದು ನೋಡ್ಬೇಡಿ, ಆಯ್ತಾ?

ಮುಂದಿನ ಕಂತಲ್ಲಿ ಸಿಗೋಣ.