ಎರಡು ಸೂತ್ರಗಳು, ಒಂದು ತೋಟ
(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ವಿಜ್ಞಾನಪಾಠದ ಕುರಿತು ನಾಲ್ಕು ಮಾತು ಆಡಬೇಕೆಂಬುದು ಸಮಿತಿಯವರ ಅಪೇಕ್ಷೆ. ನಮ್ಮ ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಎರಡು ಸಣ್ಣ ಸೂತ್ರಗಳನ್ನೇ ಇಂದು ತಮ್ಮ ಮುಂದಿಡುತ್ತೇವೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯ. ಪರೀಕ್ಷೆ ಮುಗಿದ ಮೇಲೆ ಇವನ್ನು ಮರೆಯುವುದು ವಾಡಿಕೆ. ಆದರೆ ನಮ್ಮ ಮನೆ ತೋಟಗಳ ಲಾಭನಷ್ಟ ಇವುಗಳಲ್ಲಿಯೇ ಅಡಗಿದೆ ಎಂಬುದು ನಮ್ಮ ಅರಿಕೆ.

ಸುರಂಗದ ನೀರನ್ನು ಗುಡ್ಡದ ಮೇಲಿನ ಟಾಂಕಿಯಲ್ಲಿ ತುಂಬಿಸಿ, ಪೈಪಿನ ಮೂಲಕ ಅಡಿಕೆ ತೋಟಕ್ಕೆ ಇಳಿಸುವುದನ್ನು ನಾವೆಲ್ಲ ಕಂಡವರೇ. ಟಾಂಕಿಯ ಎತ್ತರವೇ ವೋಲ್ಟ್, ಹರಿಯುವ ನೀರೇ ಆಂಪಿಯರ್, ಪೈಪು ಒಡ್ಡುವ ತಡೆಯೇ ರೋಧ. ಈ ಸಂಬಂಧವನ್ನು ಪ್ರಯೋಗದಿಂದ ಸ್ಥಾಪಿಸಿ 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಜರ್ಮನಿಯ ಗೇಯೋರ್ಗ್ ಸೈಮನ್ ಓಮ್ ಒಬ್ಬ ಶಾಲಾ ಅಧ್ಯಾಪಕ. ತಾಯ್ನಾಡಿನಲ್ಲಿ ಮೊದಲು ಆದರ ದೊರೆಯದ ಆ ಕೃತಿಗೆ 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕವನ್ನಿತ್ತು ಗೌರವಿಸಿತು. ಶಾಲೆಯ ಪ್ರಯೋಗಮೇಜಿನಿಂದಲೂ ಲೋಕಮಾನ್ಯವಾದ ಸತ್ಯ ಹೊರಡಬಲ್ಲುದು ಎಂಬುದಕ್ಕೆ ಇದು ನಿದರ್ಶನ.

ಇನ್ನು ಲೆಕ್ಕಕ್ಕೆ ಬರೋಣ. 230 ವೋಲ್ಟಿನ, 1000 ವಾಟಿನ ಇಸ್ತ್ರಿಪೆಟ್ಟಿಗೆ ಸುಮಾರು 4.35 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. 230ನ್ನು 4.35ರಿಂದ ಭಾಗಿಸಿದರೆ ರೋಧ ಸುಮಾರು 53 ಓಮ್. ಸಂಜೆಯ ವೇಳೆ ವೋಲ್ಟೇಜು 180ಕ್ಕೆ ಇಳಿಯಿತೆನ್ನಿ. ರೋಧ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಪ್ರವಾಹ 3.4 ಆಂಪಿಯರಿಗೆ ಇಳಿಯುತ್ತದೆ. ಸಾಮರ್ಥ್ಯ ಸುಮಾರು 610 ವಾಟ್ ಮಾತ್ರ. ವೋಲ್ಟೇಜು ಐದರಲ್ಲಿ ಒಂದು ಪಾಲಿನಷ್ಟು ಕುಗ್ಗಿದರೆ ಶಾಖ ಐದರಲ್ಲಿ ಎರಡು ಪಾಲಿನಷ್ಟು ಕುಗ್ಗುತ್ತದೆ.

ಇಸ್ತ್ರಿಪೆಟ್ಟಿಗೆ ಸೊರಗಿದರೆ ಬಟ್ಟೆಯ ಸುಕ್ಕು ಉಳಿದೀತು, ಅಷ್ಟೇ. ಪಂಪಿನ ಕಥೆ ಹಾಗಲ್ಲ. ವೋಲ್ಟೇಜು ಕುಗ್ಗಿದಾಗಲೂ ಅಷ್ಟೇ ನೀರನ್ನೆತ್ತಲು ಹೆಣಗುವ ಮೋಟಾರು ಹೆಚ್ಚು ಪ್ರವಾಹವನ್ನು ಸೆಳೆಯುತ್ತದೆ. ಸುರುಳಿಯಲ್ಲಿ ಹುಟ್ಟುವ ಶಾಖವಾದರೋ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ: 7 ಆಂಪಿಯರ್ 9 ಆದರೆ ಶಾಖ ಒಂದೂವರೆ ಪಟ್ಟನ್ನು ಮೀರುತ್ತದೆ. ಬೇಸಗೆಯಲ್ಲಿ, ತೋಟಕ್ಕೆ ನೀರು ಅತ್ಯಗತ್ಯವಾದಾಗಲೇ ಮೋಟಾರು ಸುಟ್ಟುಹೋಗುವುದರ ಒಂದು ಮುಖ್ಯ ಕಾರಣವಿದು. ಮೋಟಾರಿನ ಸಾಮರ್ಥ್ಯವನ್ನು ತಿಳಿಯಲು ವೋಲ್ಟು ಆಂಪಿಯರುಗಳ ಗುಣಲಬ್ಧವೊಂದೇ ಸಾಲದು, ಪವರ್ ಫ್ಯಾಕ್ಟರನ್ನೂ ಸೇರಿಸಿ ಗುಣಿಸಬೇಕು ಎಂಬುದನ್ನೂ ಮಕ್ಕಳಿಗೆ ಹೇಳಿಕೊಡಬೇಕು.

ವೋಲ್ಟೇಜಿನ ಕೊರತೆಗೆ ಕೆಲವೊಮ್ಮೆ ನಮ್ಮ ತಂತಿಯೇ ಕಾರಣ. ಮನೆಯಿಂದ ಪಂಪಿಗೆ 100 ಮೀಟರ್ ದೂರವಿದ್ದರೆ, ಹೋಗಿಬರುವ ತಂತಿಯ ಉದ್ದ 200 ಮೀಟರ್. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಅದರ ರೋಧ ಸುಮಾರು 2.4 ಓಮ್. 7 ಆಂಪಿಯರ್ ಹರಿಯುವಾಗ ದಾರಿಯಲ್ಲಿಯೇ ಸುಮಾರು 17 ವೋಲ್ಟ್ ಕಳೆದುಹೋಗಿ, 118 ವಾಟಿನಷ್ಟು ವಿದ್ಯುತ್ತು ತಂತಿಯನ್ನು ಬಿಸಿಮಾಡುವುದಕ್ಕೇ ವ್ಯಯವಾಗುತ್ತದೆ. ದಿನಕ್ಕೆ ಆರು ತಾಸು ಪಂಪು ನಡೆಸಿದರೆ ನೂರು ದಿನಗಳಲ್ಲಿ ಸುಮಾರು 70 ಯೂನಿಟ್ ನಷ್ಟ. 4 ಚದರ ಮಿಲಿಮೀಟರಿನ ತಂತಿ ಎಳೆದರೆ ನಷ್ಟ ಸುಮಾರು 45 ವಾಟಿಗೆ ಇಳಿಯುತ್ತದೆ, ಮೋಟಾರಿಗೂ ನೆಮ್ಮದಿ.

ದೊಡ್ಡ ಯೋಜನೆಗಳ ಹಿಂದಿರುವುದೂ ಇದೇ ಲೆಕ್ಕ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಲಾಯಿತು. ಅಷ್ಟೇ ಸಾಮರ್ಥ್ಯವನ್ನು ಕಡಿಮೆ ಪ್ರವಾಹದಲ್ಲಿ ಸಾಗಿಸಿದರೆ ದಾರಿಯ ನಷ್ಟ ಬಹಳ ಕಡಿಮೆ. ನಮ್ಮ ಜಿಲ್ಲೆಯ ಪೈವಳಿಕೆ, ಮೀಂಜ ಪರಿಸರದಲ್ಲಿ 2021ರಲ್ಲಿ ಲೋಕಾರ್ಪಣೆಗೊಂಡ 50 ಮೆಗಾವಾಟಿನ ಸೌರಸ್ಥಾವರದ ವಿದ್ಯುತ್ತಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ.

ಇಷ್ಟನ್ನೂ ಕನ್ನಡದಲ್ಲಿಯೇ ಹೇಳಿದೆವು, ಎಲ್ಲಿಯೂ ತೊಡಕಾಗಲಿಲ್ಲ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಾಗ ಅವರಿಗಿದ್ದ ನಂಬಿಕೆಯೂ ಇದೇ. ವಿರೋಧ, ನಿರೋಧಗಳನ್ನು ಬಲ್ಲ ಮಗುವಿಗೆ ‘ರೋಧ’ವೆಂದರೆ ತಡೆಯೆಂದು ಬೇರೆ ಹೇಳಬೇಕಾಗಿಲ್ಲ. ಮಲಯಾಳದಲ್ಲಿ ಇದಕ್ಕೆ ‘ಪ್ರತಿರೋಧಂ’ ಎನ್ನುತ್ತಾರೆ, ಬೇರು ಒಂದೇ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನಾಡಿನ ಮಕ್ಕಳು ಕನ್ನಡದಲ್ಲಿ ಅರಿತುದನ್ನು ಕಚೇರಿಯಲ್ಲಿ ಮಲಯಾಳದಲ್ಲಿಯೂ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿಯೂ ಹೇಳಬಲ್ಲರು. ಅರಿಯದೆ ಉರುಹೊಡೆದುದನ್ನು ಯಾವ ಭಾಷೆಯಲ್ಲಿಯೂ ಬಳಸಲಾರರು. ಕನ್ನಡ ಮಾಧ್ಯಮದಲ್ಲಿ ಓದಿದರೆ ವಿಜ್ಞಾನದಲ್ಲಿ ಹಿಂದುಳಿಯುವರೆಂಬ ಹೆತ್ತವರ ಅಳುಕಿಗೆ ನಮ್ಮ ಉತ್ತರವಿಷ್ಟೇ.

ಆದುದರಿಂದ ಎರಡು ವಿನಂತಿಗಳು. ಹೆತ್ತವರು ಮನೆಯ ವಿದ್ಯುತ್ ಬಿಲ್ಲನ್ನು ಮಕ್ಕಳ ಕೈಗಿತ್ತು, ಪಂಪಿನ ಮೇಲಿನ ಫಲಕವನ್ನು ಓದಿಸಿ, ಲೆಕ್ಕ ಮಾಡಿಸಬೇಕು. ತಂತಿ ಮುಟ್ಟುವ ಕೆಲಸ ಮಾತ್ರ ಬಲ್ಲವರದೇ ಆಗಿರಲಿ. ಹಳೆ ವಿದ್ಯಾರ್ಥಿಗಳು ಪ್ರಯೋಗಾಲಯಕ್ಕೆ ವೋಲ್ಟ್ ಮೀಟರು, ಅಮ್ಮೀಟರು, ಶುಷ್ಕಕೋಶಗಳನ್ನು ಒದಗಿಸಬೇಕು. ಮಗು ತಾನೇ ಅಳೆದು, ತಾನೇ ಭಾಗಿಸಿ, ‘ರೋಧ ಇಷ್ಟು’ ಎನ್ನುವಂತಾಗಲಿ. ಎರಡನೆಯ ಶತಮಾನಕ್ಕೆ ಕಾಲಿಡುವ ಈ ವಿದ್ಯಾಲಯಕ್ಕೆ ನಾವು ಕೊಡಬಹುದಾದ ಒಳ್ಳೆಯ ಕಾಣಿಕೆ ಇದೇ ಎಂದು ನಂಬಿದ್ದೇವೆ.