ವಲಸಿಗ ಯಾರು, ಶರಣಾರ್ಥಿ ಯಾರು?



ಇಂಗ್ಲಿಷಿನ ‘ಮೈಗ್ರೆಂಟ್’ ಮತ್ತು ‘ರೆಫ್ಯೂಜಿ’ ಎಂಬ ಪದಗಳನ್ನು ಒಂದರ ಬದಲಿಗೆ ಇನ್ನೊಂದು ಎಂಬಂತೆ ಬಳಸುವವರು ಅನೇಕರು. ಇಬ್ಬರೂ ಊರು ಬಿಟ್ಟವರೇ ನಿಜ. ಆದರೆ ಮೈಗ್ರೆಂಟ್ ಬದುಕು ಅರಸಿ ಹೊರಟವನು. ರೆಫ್ಯೂಜಿ ಪ್ರಾಣಭಯದಿಂದ ಓಡಿಬಂದವನು. ಮೊದಲನೆಯವನು ಬೇಕೆಂದಾಗ ಊರಿಗೆ ಮರಳಬಹುದು. ಎರಡನೆಯವನಿಗೆ ಆ ದಾರಿ ಮುಚ್ಚಿದೆ.

‘ಮೈಗ್ರೆಂಟ್’ ಪದದ ಮೂಲ ಲ್ಯಾಟಿನ್. ನೆಲೆ ಬದಲಿಸುವುದೆಂದು ಅರ್ಥ. ಹಕ್ಕಿಗಳ ವಲಸೆಗೂ ಇದೇ ಧಾತು. ‘ರೆಫ್ಯೂಜಿ’ ಹುಟ್ಟಿದ್ದು ಒಂದು ಚಾರಿತ್ರಿಕ ದುರಂತದಿಂದ. ಫ್ರಾನ್ಸಿನಲ್ಲಿ 1598ರ ನಾಂಟ್ ಶಾಸನ ಪ್ರಾಟೆಸ್ಟೆಂಟರಿಗೆ ಧರ್ಮಾಚರಣೆಯ ಹಕ್ಕು ನೀಡಿತ್ತು. 1685ರಲ್ಲಿ ಹದಿನಾಲ್ಕನೇ ಲೂಯಿ ಅದನ್ನು ರದ್ದುಮಾಡಿದ. ಹ್ಯೂಗನಾಟರೆಂಬ ಆ ಜನ ಇಂಗ್ಲೆಂಡಿಗೆ ಓಡಿಬಂದಾಗ, ಅವರೊಡನೆ ಈ ಫ್ರೆಂಚ್ ಪದವೂ ಬಂತು.

ಇಂದು ಈ ವ್ಯತ್ಯಾಸ ನಿಘಂಟಿಗಷ್ಟೇ ಸೇರಿದ್ದಲ್ಲ. 1951ರ ಜಿನೀವಾ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಹಿಂಸೆಯಾದೀತೆಂಬ ಸಕಾರಣ ಭಯದಿಂದ ಸ್ವದೇಶದ ಹೊರಗಿರುವವನು ರೆಫ್ಯೂಜಿ. ಅವನನ್ನು ಅಪಾಯದ ಬಾಯಿಗೆ ಮರಳಿ ನೂಕುವಂತಿಲ್ಲ. ಮೈಗ್ರೆಂಟ್ ಎಂದು ಬರೆದುಕೊಂಡರೆ ಈ ರಕ್ಷಣೆಯಿಲ್ಲ. ಗಡಿಯಲ್ಲಿ ಒಂದು ಪದ ಒಬ್ಬನ ಪ್ರಾಣ ಉಳಿಸಬಹುದು, ಕಳೆಯಲೂಬಹುದು. ಆ ಪಟ್ಟಿಯಲ್ಲಿ ಹಸಿವಿನ ಹೆಸರಿಲ್ಲ ಎಂಬುದನ್ನೂ ಗಮನಿಸಬೇಕು. ಬರಗಾಲಕ್ಕೆ ಹೆದರಿ ಗಡಿ ದಾಟಿದವನು ಎಷ್ಟೇ ನಿರ್ಗತಿಕನಾದರೂ ಕಾನೂನಿನ ಕಣ್ಣಿಗೆ ಸಾಮಾನ್ಯವಾಗಿ ಮೈಗ್ರೆಂಟ್ ಮಾತ್ರ.

ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ 1959ರಲ್ಲಿ ದಲೈಲಾಮಾರಿಗೂ ಅವರ ಹಿಂದೆ ಬಂದ ಟಿಬೆಟನ್ನರಿಗೂ ಆಶ್ರಯ ಕೊಟ್ಟಿತು. ಅಂದಿನ ಮೈಸೂರು ರಾಜ್ಯ ಭೂಮಿ ನೀಡಿದ್ದರಿಂದ ಬೈಲಕುಪ್ಪೆಯ ವಸತಿ ನೆಲೆಗೊಂಡಿತು. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ 21ನೇ ವಿಧಿ ಕೊಡುವ ಜೀವದ ಹಕ್ಕು ನಾಗರಿಕರಲ್ಲದವರಿಗೂ ಇದೆ ಎಂದಿತು.

ಕನ್ನಡದಲ್ಲಿ ಬರಗಾಲದ ವಲಸೆಗೆ ‘ಗುಳೆ’ ಎಂಬ ಸೊಗಸಾದ ಪದವಿದೆ. ರೆಫ್ಯೂಜಿಗೆ ಮಾತ್ರ ನಾವು ‘ನಿರಾಶ್ರಿತ’ ಎನ್ನುತ್ತೇವೆ. ಭಿಕ್ಷುಕರ ಕೇಂದ್ರಕ್ಕೂ ‘ನಿರಾಶ್ರಿತರ ಪರಿಹಾರ ಕೇಂದ್ರ’ ಎಂದೇ ಹೆಸರು. ನಿರಾಶ್ರಿತ ಎಂದರೆ ಆಶ್ರಯವಿಲ್ಲದವನು. ಅದು ಅವನ ಸ್ಥಿತಿಯನ್ನಷ್ಟೇ ಹೇಳುತ್ತದೆ. ‘ಶರಣಾರ್ಥಿ’ ಎಂದರೆ ನಮ್ಮ ಬಳಿ ರಕ್ಷಣೆ ಕೇಳಿ ಬಂದವನು. ಆ ಪದ ನಮ್ಮಿಂದ ಉತ್ತರವನ್ನೂ ಕೇಳುತ್ತದೆ. ಆದ್ದರಿಂದ ರೆಫ್ಯೂಜಿಗೆ ‘ಶರಣಾರ್ಥಿ’ಯೇ ಸರಿಯಾದ ಪದವೆಂದು ನನ್ನ ಅಭಿಪ್ರಾಯ.