ಆಂಬುಲೆನ್ಸ್ ಬರುವವರೆಗೆ

ಹಿರಿಯರೇ, ಶಿಬಿರ ಮುಗಿಸಿದ ಸ್ವಯಂಸೇವಕರೇ,

ಮೆಕ್ಕೆಜೋಳದ ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕರೆ ಎಲ್ಲರೂ ಕೈ ಎಳೆಯಲು ಓಡುತ್ತಾರೆ. ನೀವು ಮೊದಲು ಟ್ರ್ಯಾಕ್ಟರ್ ಆಫ್ ಮಾಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಒಗೆದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಲಿ. ಅರಿಶಿನ, ಕಾಫಿಪುಡಿ ಬೇಡ. ನಾನೂ ಹಿಂದೆ ಹಾಕಿದವನೇ.

ತುಂಡಾದ ಬೆರಳನ್ನು ಐಸಿನೊಳಗೆ ಹಾಕಬೇಡಿ. ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ನನ್ನ ತಮ್ಮನ ಬೆರಳನ್ನು ನಾವು ಐಸ್ ಡಬ್ಬಿಗೇ ಹಾಕಿಕೊಂಡು ಹೋಗಿದ್ದೆವು. ಜೋಡಿಸಲು ಆಗಲಿಲ್ಲ.

ನಮ್ಮ ವಿದ್ಯಾರ್ಥಿವೇತನ ಪಡೆಯುವ ಮಕ್ಕಳಿಗೂ ಇದನ್ನು ಕಲಿಸೋಣ. ರಜೆಯಲ್ಲಿ ಕಣದಲ್ಲಿರುವವರು ಅವರೇ. ಸುಗ್ಗಿಗೆ ಮುಂಚೆ ಪ್ರತಿ ಊರಿನಿಂದ ಇಬ್ಬರ ಹೆಸರು ಕೊಡಿ. ಯಾರ ಹೊಲದಿಂದ ಕೂಗು ಬಂದರೂ ಓಡುವವರಾಗಿರಲಿ.